ವೀರದೈತ್ಯಭೇದವಿಚಾರ

ಶಾಸ್ತ್ರಗಳಲ್ಲೆಲ್ಲ ಕಿರಿಯದಾದ ದೈತ್ಯಶಾಸ್ತ್ರಕ್ಕೆ ಇನ್ನೂ ಒಂದು ಅಧ್ಯಯನ ಪೀಠವಿಲ್ಲ, ಪರಿಭಾಷಾಕೋಶವಿಲ್ಲ, ಪಿಎಚ್.ಡಿ. ಮಾರ್ಗದರ್ಶಕರಂತೂ ಇಲ್ಲವೇ ಇಲ್ಲ. ಆ ಕೊರತೆ ನೀಗಲೆಂದೇ ಈ ಪ್ರಬಂಧ. ನಾಲ್ಕೈದು ಜನ ಮೇಜಿನ ಸುತ್ತ ಕೂತು, ಇಪ್ಪತ್ತು ಮುಖದ ದಾಳ ಉರುಳಿಸುತ್ತ, ಬಾಯಲ್ಲೇ ಕತ್ತಿ ಬೀಸುವ ಆಟ ‘ಡಂಜನ್ಸ್ ಅಂಡ್ ಡ್ರಾಗನ್ಸ್’. ಅದರಲ್ಲಿ ಆಟಗಾರನ ಪಾತ್ರವಾದ ವೀರನಿಗೂ ಆಟ ನಡೆಸುವ ಡಂಜನ್ ಮಾಸ್ಟರನ ಕೈಗೂಸಾದ ದೈತ್ಯನಿಗೂ ಭೇದವಿದೆಯೋ ಇಲ್ಲವೋ? ಇದ್ದರೆ ಅದು ಸತ್ಯವೋ, ವ್ಯಾವಹಾರಿಕವೋ? ಇದು ನಮ್ಮ ಜಿಜ್ಞಾಸೆ.

ಮೂಲಗ್ರಂಥದಿಂದಲೇ ಹೊರಡೋಣ. ಸೂತ್ರಕಾರರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಊರಿಂದ ಹೊರಬಿದ್ದ ಅವರ ಪೆಟ್ಟಿಗೆಯಲ್ಲಿ ಮೂರು ಕಿರುಹೊತ್ತಿಗೆಗಳಿದ್ದವು. ಮೊದಲನೆಯದರಲ್ಲಿ ಮನುಷ್ಯರು ಮತ್ತು ಮಾಯೆ, ಎರಡನೆಯದರಲ್ಲಿ ದೈತ್ಯರು ಮತ್ತು ನಿಧಿ. ದೈತ್ಯನನ್ನೂ ನಿಧಿಯನ್ನೂ ಒಂದೇ ರಟ್ಟಿನೊಳಗೆ ಹೊಲಿದದ್ದು ಕಾಕತಾಳೀಯ ಎನ್ನುವವರು ಈ ಆಟ ಆಡಿದವರಲ್ಲ. ದೈತ್ಯನೆಂದರೆ ಕಾಲು ಬಂದ ತಿಜೋರಿ ಎಂಬುದೇ ಪ್ರಾಚೀನರ ಲಕ್ಷಣವಾಕ್ಯ. ಹಾಗಿದ್ದರೂ ಮೊದಲ ಹೊತ್ತಿಗೆಯ ಮೂಲೆಯಲ್ಲಿ ಒಂದು ಅಪವಾದ ಉಂಟು: ಆಟಗಾರನಿಗೆ ಡ್ರಾಗನ್ನೇ ಆಗಬೇಕೆಂಬ ಹಟವಿದ್ದರೆ ಆಗಲಿ, ಮರಿಯಾಗಿ ಶುರುಮಾಡಲಿ. ಮುಂದಿನ ಜಗಳಕ್ಕೆಲ್ಲ ಬೀಜ ಬಿತ್ತಿದ್ದು ಈ ವಾಕ್ಯ.

ಉತ್ಪತ್ತಿಯ ವಿಚಾರದಲ್ಲಂತೂ ಭೇದಕ್ಕೆ ಪ್ರತ್ಯಕ್ಷವೇ ಪ್ರಮಾಣ. ಮೂಲಗ್ರಂಥದಲ್ಲಿ ವೀರ ಹುಟ್ಟುವುದು ಮೂರು ದಾಳಗಳಿಂದ. ಬಲ, ಬುದ್ಧಿ ಮೊದಲಾದ ಆರು ಗುಣಗಳಿಗೂ ಒಮ್ಮೊಮ್ಮೆ ಉರುಳಿಸಬೇಕು. ದೈತ್ಯ ಹುಟ್ಟುವುದು ಆಟಿಕೆ ಅಂಗಡಿಯಲ್ಲಿ. ಗೂಬೆಯ ಮುಖದ ಕರಡಿ ‘ಔಲ್‌ಬೇರ್’, ಕಬ್ಬಿಣ ಮುಟ್ಟಿ ತುಕ್ಕು ಹಿಡಿಸಿ ತಿನ್ನುವ ‘ರಸ್ಟ್ ಮಾನ್‌ಸ್ಟರ್’ ಇಬ್ಬರೂ ಹಾಂಗ್‌ಕಾಂಗ್‌ನ ಅಗ್ಗದ ಪ್ಲಾಸ್ಟಿಕ್ ಗೊಂಬೆಗಳಿಂದ ಉದ್ಭವಿಸಿದವರು. ಎರಡನೆಯವನ ಜೀವನೋದ್ದೇಶವೇ ವೀರನ ದುಬಾರಿ ಕವಚ ನುಂಗುವುದು. ಬೇರೆ ಹಸಿವು ಅವನಿಗಿಲ್ಲ. ಇನ್ನು ಜೆಲಾಟಿನಸ್ ಕ್ಯೂಬ್: ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಪಾರದರ್ಶಕ ಲೋಳೆ. ನೆಲಮಾಳಿಗೆಯ ಓಣಿಗಳನ್ನು ಚೌಕುಳಿ ಕಾಗದದ ಮೇಲೆ ಹತ್ತಡಿಯ ಲೆಕ್ಕದಲ್ಲಿ ಬರೆಯುವ ರೂಢಿಯಿತ್ತು. ಹೊರಗಿನ ಲೋಕದಲ್ಲಿ ಪ್ರಾಣಿ ಪರಿಸರಕ್ಕೆ ಹೊಂದಿಕೊಂಡರೆ ಇಲ್ಲಿ ಗ್ರಾಫ್ ಹಾಳೆಗೆ ಹೊಂದಿಕೊಂಡಿತು.

ಈಗ ಪೂರ್ವಪಕ್ಷ. 2000ದಲ್ಲಿ ಬಂದ ಮೂರನೆಯ ಆವೃತ್ತಿಯವರು ಅಪ್ಪಟ ಅದ್ವೈತಿಗಳು. ವೀರನಿಗಿರುವ ಆರು ಗುಣ, ಕೌಶಲ, ‘ಫೀಟ್’ ಎಂಬ ಸಿದ್ಧಿಗಳು ದೈತ್ಯನಿಗೂ ಇರಬೇಕು, ಅದೂ ಅದೇ ಸೂತ್ರದ ಪ್ರಕಾರ, ಎಂದು ಪಟ್ಟುಹಿಡಿದರು. ಸಿದ್ಧಾಂತ ಸೊಗಸಾಗಿಯೇ ಇತ್ತು, ಬೆಕ್ಕು ಅಡ್ಡ ಬರುವವರೆಗೆ. ಮನೆಬೆಕ್ಕಿಗೂ ಲೆಕ್ಕ ಹಾಕಿದ್ದರು. ಎರಡು ಪರಚು, ಒಂದು ಕಡಿತ. ತಗುಲಿದರೆ ಒಂದೊಂದಕ್ಕೂ ಕನಿಷ್ಠ ಒಂದು ಪಾಯಿಂಟ್ ಗಾಯ. ಸಾಧಾರಣ ಹಳ್ಳಿಗನ ಪ್ರಾಣವೋ, ನಾಲ್ಕು ಮುಖದ ಒಂದೇ ದಾಳದಷ್ಟು. ದುರದೃಷ್ಟವಂತನಾದರೆ ಆರು ಸೆಕೆಂಡಿನ ಒಂದೇ ಸುತ್ತಿನಲ್ಲಿ ಬೆಕ್ಕಿನ ಕೈಯಲ್ಲಿ ನೆಲಕ್ಕುರುಳುತ್ತಾನೆ. ಅದ್ವೈತಿಗಳು ಇದಕ್ಕೆ ಇಂದಿಗೂ ಸಮಾಧಾನ ಹೇಳಿಲ್ಲ.

2008ರ ನಾಲ್ಕನೆಯ ಆವೃತ್ತಿ ಶುದ್ಧ ದ್ವೈತ. ದೈತ್ಯನಿಗೆ ವೀರನ ಲೆಕ್ಕ ಬೇಡ, ಕೆಲಸ ಕೊಟ್ಟರೆ ಸಾಕು: ಒಬ್ಬ ಗುದ್ದುವವ, ಒಬ್ಬ ಅಡಗುವವ, ಒಬ್ಬ ದೂರದಿಂದ ಬಾಣ ಬಿಡುವವ. ‘ಮಿನಿಯನ್’ ಎಂಬ ಪಂಗಡವನ್ನೂ ಸೃಷ್ಟಿಸಿದರು. ಪ್ರಾಣದ ಅಳತೆಯಾದ ಹಿಟ್ ಪಾಯಿಂಟ್ ಅವನಿಗೆ ಒಂದೇ. ಗುರಿ ತಪ್ಪಿದ ಏಟು ಮಾತ್ರ ಅವನಿಗೆ ಎಂದೂ ನೋವು ಮಾಡದು. ಲೆಕ್ಕ ಚೊಕ್ಕವಾಗಿತ್ತೆಂದು ಪ್ರಬಂಧಕಾರನೂ ಒಪ್ಪುತ್ತಾನೆ. ಮಹಾಜನಕ್ಕೆ ಅದು ರುಚಿಸಲಿಲ್ಲ.

2014ರ ಐದನೆಯ ಆವೃತ್ತಿ ರಾಜಿ ಪಂಚಾಯಿತಿ. ಅಂಕಿಗಳು ಒಂದೇ ಬಗೆಯವು, ಆದರೆ ಸಾವು ಬೇರೆ. ಹಿಟ್ ಪಾಯಿಂಟ್ ಸೊನ್ನೆಗಿಳಿದ ವೀರ ಕಣ್ಣುಮುಚ್ಚಿ ದಾಳ ಉರುಳಿಸುತ್ತಾನೆ. ಹತ್ತು ಅಥವಾ ಮೇಲೆ ಬಿದ್ದರೆ ಒಂದು ಗೆಲುವು, ಮೂರು ಗೆಲುವಾದರೆ ಪ್ರಾಣ ಉಳಿಯಿತು, ಇಪ್ಪತ್ತೇ ಬಿದ್ದರೆ ಎದ್ದೇ ಕೂತ. ಸೊನ್ನೆಗಿಳಿದ ದೈತ್ಯ ಸಾಮಾನ್ಯವಾಗಿ ಅಲ್ಲಿಗೆ ಮುಗಿದ. 676 ಹಿಟ್ ಪಾಯಿಂಟಿನ ಟರಾಸ್ಕ್ ಎಂಬ ದೈತ್ಯನಿಗೂ ಇದೇ ನ್ಯಾಯ.

ಇನ್ನು ಸಿದ್ಧಾಂತ. ಭೇದವಿರುವುದು ಬಲದಲ್ಲಲ್ಲ, ಆಯುಷ್ಯದಲ್ಲಿ. ವೀರ ವರ್ಷಗಟ್ಟಲೆ ಬದುಕುತ್ತಾನೆ, ಅವನ ಗುಣ, ಅಂಕಿಗಳನ್ನು ಬರೆದಿಟ್ಟ ಕ್ಯಾರೆಕ್ಟರ್ ಶೀಟು ಎಣ್ಣೆ ಕಲೆ ಹಿಡಿದು ಹರಿಯುವವರೆಗೆ. ದೈತ್ಯ ಮೂರು ಸುತ್ತು ಉಳಿದರೆ ಹದಿನೆಂಟು ಸೆಕೆಂಡು. ಅಷ್ಟರಲ್ಲಿ ಅವನ ಈಜುಕೌಶಲ ಯಾರಿಗೆ ಬೇಕು?

ಹಾಗೆಂದು ಬೋಳು ಅಂಕಿಯೂ ಸಾಲದು. 1977ರ ‘ಮಾನ್‌ಸ್ಟರ್ ಮ್ಯಾನ್ಯುಅಲ್’ನಲ್ಲಿ ನಮ್ಮ ರಾಕ್ಷಸನೂ ಇದ್ದಾನೆ: ಹುಲಿಯ ತಲೆ, ಬಾಯಲ್ಲಿ ಹೊಗೆಪೈಪು. ಮಂತ್ರಿಸಿದ ಬಾಣ ತಾಕಿದರೆ ಸಾಯುತ್ತಾನೆ. ಈ ಮರ್ಮ ವಾಲ್ಮೀಕಿಯದಲ್ಲ, ‘ಕೋಲ್ಚಾಕ್’ ಎಂಬ ಅಮೆರಿಕನ್ ಟಿವಿ ಧಾರಾವಾಹಿಯ 1974ರ ಒಂದು ಕಂತಿನದು. ರಾವಣನಿಗೆ ಅವಮಾನವಾಯಿತೆಂದು ಕೂಗುವ ಮೊದಲು ಗಮನಿಸಿ, ಆ ಪೈಪು ನೋಡಿದವರು ಅವನನ್ನು ಮರೆಯುವುದಿಲ್ಲ. ನಮ್ಮ ಯಕ್ಷಗಾನದ ಬಣ್ಣದ ವೇಷದವರು ಇದನ್ನು ಯಾವತ್ತೋ ಬಲ್ಲರು. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚಿಟ್ಟಿ ಇಡಲು ಗಂಟೆಗಟ್ಟಲೆ ಕೂರುತ್ತಾರೆ. ತೆರೆಯ ಹಿಂದಿನ ಒಂದು ಅಬ್ಬರಕ್ಕೆ ಕೊನೆಯ ಸಾಲಿನ ಮಗು ತಾಯಿಯ ಸೆರಗಿನೊಳಗೆ. ದೈತ್ಯನಿಗೆ ಬಣ್ಣ ಬೇಕು, ಜಾತಕ ಬೇಡ.

ಆಟ ನಡೆಸುವವರಲ್ಲಿ ಕೊನೆಗೊಂದು ವಿನಂತಿ. ಏಳು ಹಿಟ್ ಪಾಯಿಂಟಿನ ಗಾಬ್ಲಿನ್ ಕೈಗೆ ಸಿಕ್ಕಾಗ ಯಾರಾದರೂ ಆಟಗಾರ “ಇವನ ಹೆಸರೇನು?” ಎಂದು ಕೇಳಿಯೇ ಕೇಳುತ್ತಾನೆ. ದಯವಿಟ್ಟು ಹೇಳಬೇಡಿ. ಹೇಳಿದಿರೋ, ಅವನನ್ನು ಕೊಲ್ಲಲು ಯಾರೂ ಒಪ್ಪರು, ಕಂಬಳಿ ಹೊದಿಸುತ್ತಾರೆ, ನಿಧಿಯಲ್ಲಿ ಪಾಲು ಕೇಳುತ್ತಾರೆ, ಮುಂದಿನ ವಾರ ಅವನಿಗೊಂದು ಕ್ಯಾರೆಕ್ಟರ್ ಶೀಟು ನೀವೇ ಬರೆಯಬೇಕಾಗುತ್ತದೆ.