ಅಂದಾಜು ಕೇಳುವ ಕ್ಯಾಲ್ಕುಲೇಟರು

ಭಾರತದಿಂದ ಬಂದವರಿಗೆಲ್ಲ ಗಣಿತ ಬಂದೇ ಬರುತ್ತದೆ ಎಂಬ ಒಂದು ಮೂಢನಂಬಿಕೆ ಅಮೆರಿಕದಲ್ಲಿದೆ. ಇದರಲ್ಲಿ ನಮ್ಮ ಬೆಂಗಳೂರಿನ ಶಕುಂತಲಾ ದೇವಿಯವರ ಪಾಲೂ ಇದೆ. 1980ರಲ್ಲಿ ಅವರು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಮನಸ್ಸಿನಲ್ಲೇ ಗುಣಿಸಿ ಹೇಳಿಬಿಟ್ಟರು. ಅದರ ಫಲವನ್ನು ನನ್ನಂಥವರು ಇಂದಿಗೂ ಉಣ್ಣುತ್ತಿದ್ದೇವೆ. ಒಹಾಯೊದ ಕಾಲೇಜೊಂದರ ಗಣಿತದ ಕ್ಲಾಸಿನಲ್ಲಿ ನನ್ನ ಮುಖ ನೋಡಿದ್ದೇ ಪಕ್ಕದ ಹುಡುಗ ಕುರ್ಚಿಯನ್ನು ನನ್ನತ್ತ ಎಳೆದುಕೊಂಡ. ಮೊದಲ ಟೆಸ್ಟಿನ ಫಲಿತಾಂಶ ಬಂದ ಮೇಲೆ ಮೊದಲಿದ್ದ ಜಾಗಕ್ಕಿಂತ ಇನ್ನಷ್ಟು ಆಚೆಗೆ ಸರಿದ.

ನಾನು ತಿಪಟೂರಿನಲ್ಲಿ ಕನ್ನಡ, ಇತಿಹಾಸ ಓದಿ ಬಿ.ಎ. ಮಾಡಿದವಳು. ಸಾಹಿತ್ಯದ ಮೇಲಿನ ಪ್ರೀತಿಯಿಂದ ಆ ವಿಷಯಗಳನ್ನು ತೆಗೆದುಕೊಂಡೆ ಎಂದು ಹೆಣ್ಣು ನೋಡಲು ಬಂದವರಿಗೆಲ್ಲ ಹೇಳಿದ್ದೆವು. ಆ ಪ್ರೀತಿಯಲ್ಲಿ ಮುಕ್ಕಾಲು ಪಾಲು ಗಣಿತದ ಭಯವೇ ಇತ್ತು. ಎಸ್ಸೆಸ್ಸೆಲ್ಸಿಯಲ್ಲಿ ನನ್ನನ್ನು ದಡ ಸೇರಿಸಿದ್ದು ಗ್ರಾಫ್ ಹಾಳೆ. ಎರಡು ಗೆರೆ ಎಳೆದು, ಅವು ಕೂಡುವ ಬಿಂದುವಿಗೆ ಸುತ್ತು ಹಾಕಿದರೆ ಅಂಕ ಗ್ಯಾರಂಟಿ. ಗೆರೆಗಳು ಕೂಡಲು ಹಟ ಮಾಡಿದರೆ ಸ್ಕೇಲನ್ನು ಒಂದಿಷ್ಟು ವಾಲಿಸುತ್ತಿದ್ದೆ. ಸಂಬಂಧ ಕುದುರಿಸುವುದರಲ್ಲಿ ನಮ್ಮ ಮನೆತನಕ್ಕೆ ಒಳ್ಳೆಯ ಹೆಸರಿದೆ.

ಮದುವೆಯಾಗಿ ಅಮೆರಿಕಕ್ಕೆ ಬಂದೆ, ಮನೆಯಲ್ಲಿ ಕೂತು ಬೇಜಾರಾಗಿ ಕಾಲೇಜು ಸೇರಿದೆ. ಯಾವ ಕೋರ್ಸು ಹಿಡಿದರೂ ಅದರ ಬಾಗಿಲಲ್ಲಿ ಕಾಲೇಜ್ ಆಲ್ಜಿಬ್ರಾ ಕಾವಲು ಕೂತಿತ್ತು. ಮೊದಲ ದಿನವೇ ಕೊಟ್ಟ ಹಾಳೆಯಲ್ಲಿ ‘ಗ್ರಾಫಿಂಗ್ ಕ್ಯಾಲ್ಕುಲೇಟರ್ ಕಡ್ಡಾಯ’ ಎಂದಿತ್ತು. ನನ್ನ ಕಣ್ಣನ್ನೇ ನಂಬಲಾಗಲಿಲ್ಲ. ನಮ್ಮಲ್ಲಿ ಸಿಇಟಿಗೆ ಕ್ಯಾಲ್ಕುಲೇಟರ್ ಒಯ್ದರೆ ಬಾಗಿಲಲ್ಲೇ ಕಿತ್ತುಕೊಳ್ಳುತ್ತಾರೆ; ಪಿಯುಸಿ ವಿಜ್ಞಾನದ ಮಕ್ಕಳಿಗೆ ಲಾಗ್ ಟೇಬಲ್ ಪುಸ್ತಕವೇ ಗತಿ. ಇಲ್ಲಿ 1995ರಿಂದ ಹೈಸ್ಕೂಲು ಮಕ್ಕಳ ಎಪಿ ಕ್ಯಾಲ್ಕುಲಸ್ ಪರೀಕ್ಷೆಯ ಒಂದು ಭಾಗಕ್ಕೆ ಗ್ರಾಫ್ ಬರೆಯುವ ಕ್ಯಾಲ್ಕುಲೇಟರ್ ಇರಲೇಬೇಕು. ಲೆಕ್ಕವನ್ನೂ ಅದೇ ಮಾಡಿ, ಗ್ರಾಫನ್ನೂ ಅದೇ ಬರೆದರೆ ನನಗೆ ಉಳಿಯುವ ಕೆಲಸ ಹೆಸರು ಬರೆಯುವುದೊಂದೇ ಎಂದು ಖುಷಿಪಟ್ಟೆ.

ಈ ಜಾತಿಯ ಯಂತ್ರದಲ್ಲಿ ಮೊದಲು ಅಂಗಡಿಗೆ ಬಂದದ್ದು 1985ರಲ್ಲಿ, ಕ್ಯಾಸಿಯೊ ಕಂಪನಿಯ ಎಫ್‌ಎಕ್ಸ್-7000ಜಿ. ಅಮೆರಿಕದ ಶಾಲೆಗಳನ್ನು ಗೆದ್ದದ್ದು ಮಾತ್ರ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್. 1990ರಲ್ಲಿ ಟಿಐ-81, 2004ರಲ್ಲಿ ಟಿಐ-84 ಪ್ಲಸ್. ಈ 84ರ ಪರದೆಯಲ್ಲಿ ಅಡ್ಡಕ್ಕೆ 96, ಉದ್ದಕ್ಕೆ 64 ಚುಕ್ಕಿ, ಅಷ್ಟೇ. ಒಳಗಿರುವುದು 1976ರಲ್ಲಿ ಹುಟ್ಟಿದ ಝಡ್80 ವಂಶದ ಚಿಪ್. ಆಗ ಬೆಲೆ ಮಾತ್ರ ನೂರು ಡಾಲರಿನ ಮೇಲಿತ್ತು. “ಈ ದುಡ್ಡಿಗೆ ಊರಲ್ಲಿ ಮೇಷ್ಟ್ರನ್ನೇ ಮನೆಗೆ ಕರೆಸಿ ಪಾಠ ಹೇಳಿಸಬಹುದಿತ್ತಲ್ಲೇ” ಎಂದರು ನಮ್ಮ ಯಜಮಾನರು. “ಮೇಷ್ಟ್ರು ಬೈತಾರೆ ರೀ, ಇದು ಬೈಯಲ್ಲ” ಎಂದೆ. ಕೊನೆಗೆ ಕನ್ನಡ ಕೂಟದ ಗೆಳತಿಯೊಬ್ಬಳ ಮಗಳಿಂದ ಕಡ ಸಿಕ್ಕಿತು. “ಆಂಟಿ, ರೀಸೆಟ್ ಮಾತ್ರ ಮಾಡ್ಬೇಡಿ. ಒಳಗೆ ನನ್ನ ಗೇಮ್ಸ್ ಇದೆ” ಎಂದು ಮಗಳನ್ನು ತವರಿನಿಂದ ಕಳಿಸುವವಳ ಹಾಗೆ ಕಣ್ಣು ತುಂಬಿಕೊಂಡು ಕೊಟ್ಟಳು.

ಯಂತ್ರ ಬೈಯುವುದಿಲ್ಲ ಎಂದಿದ್ದೆನಲ್ಲ, ಅದು ಹುಸಿಯಾಯಿತು. ಅದರಲ್ಲಿ ಮೈನಸ್ಸುಗಳು ಎರಡು. ಕಳೆಯುವ ಮೈನಸ್ಸೇ ಬೇರೆ, ಸಂಖ್ಯೆಯ ಎಡಕ್ಕೆ ಕೂರುವ ಋಣ ಚಿಹ್ನೆಯೇ ಬೇರೆ. ಒಂದರ ಜಾಗಕ್ಕೆ ಇನ್ನೊಂದನ್ನು ಒತ್ತಿದರೆ ಎಷ್ಟೋ ಸಲ ‘ಎರರ್: ಸಿಂಟ್ಯಾಕ್ಸ್’. ಪರದೆಯ ಮೇಲೆ ಎರಡೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ, ಒಂದು ಕೂದಲೆಳೆಯಷ್ಟು ಗಿಡ್ಡ. ಸೈನ್ 30 ಅರ್ಧ ಎಂಬುದು ನನಗೆ ಗೊತ್ತಿದ್ದ ಏಕೈಕ ತ್ರಿಕೋನಮಿತಿ, ಅದನ್ನೇ ಕೇಳಿದೆ. ಅದು ಗಂಭೀರವಾಗಿ ಮೈನಸ್ .988 ಎಂದಿತು. ಡಿಗ್ರಿಯಲ್ಲಿರಬೇಕಾದದ್ದು ರೇಡಿಯನ್‌ನಲ್ಲಿ ಕೂತಿತ್ತಂತೆ. ನನಗೆ ಗೊತ್ತಿದ್ದ ಒಂದನ್ನೂ ಕಸಿದುಕೊಂಡ ಸಿಟ್ಟಿಗೆ ಐದನ್ನು ಸೊನ್ನೆಯಿಂದ ಭಾಗಿಸಿದೆ. ‘ಎರರ್: ಡಿವೈಡ್ ಬೈ 0’ ಎಂದು ಗದರಿತು.

ಆಗ ನನ್ನೊಳಗಿನ ಇತಿಹಾಸದ ವಿದ್ಯಾರ್ಥಿನಿ ಎದ್ದು ಕೂತಳು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯರು ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಇದ್ದ ಹಾಗೇ ಇರುತ್ತದೆ ಎಂದಿದ್ದಾರೆ. ಇಂದಿನ ಗಣಿತ ಅದನ್ನು ಒಪ್ಪುವುದಿಲ್ಲ, ಆದರೆ ಎಷ್ಟು ದೊಡ್ಡ ಮನಸ್ಸು! ಐದು ಕೊಟ್ಟರೆ ಐದು ವಾಪಸ್ಸು, ಬೈಗುಳವಿಲ್ಲ. ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದೂ ಅವರೇ ಹೇಳಿದ್ದಾರೆ. ಅದನ್ನೂ ಯಂತ್ರಕ್ಕೆ ಕೊಟ್ಟು ನೋಡಿದೆ: ‘ಎರರ್: ನಾನ್‌ರಿಯಲ್ ಆನ್ಸರ್’. ಒಂದು ವಿಷಯದಲ್ಲಾದರೂ ರಾಷ್ಟ್ರಕೂಟರೂ ಟೆಕ್ಸಾಸಿನವರೂ ಒಂದಾದರಲ್ಲ ಎಂದು ಸಮಾಧಾನವಾಯಿತು.

ನಿಜವಾದ ಯುದ್ಧ ನಡೆದದ್ದು ಒಂದು ನಾಟಕದ ಲೆಕ್ಕದಲ್ಲಿ. ಟಿಕೆಟ್ಟಿಗೆ 20 ಡಾಲರ್ ಇಟ್ಟರೆ 400 ಜನ ಬರುತ್ತಾರೆ. ಒಂದೊಂದು ಡಾಲರ್ ಏರಿಸಿದಾಗಲೂ 10 ಜನ ತಪ್ಪಿಸಿಕೊಳ್ಳುತ್ತಾರೆ. ಟಿಕೆಟ್ ಎಷ್ಟಾದರೆ ಗಲ್ಲಾ ಪೆಟ್ಟಿಗೆ ಹೆಚ್ಚು ತುಂಬುತ್ತದೆ? ಸಮೀಕರಣವನ್ನು ಹೇಗೋ ಒಳಗೆ ತುರುಕಿ ‘ಗ್ರಾಫ್’ ಒತ್ತಿದೆ. ಎರಡು ಅಕ್ಷಗಳು ಶಿಲುಬೆಯ ಹಾಗೆ ನಿಂತವು, ಗೆರೆಯೇ ಇಲ್ಲ. ಬ್ಯಾಟರಿ ತೆಗೆದು ಹಾಕಿದೆ. ತಟ್ಟಿದೆ. ಊರಲ್ಲಿ ರೇಡಿಯೊ ಈ ಚಿಕಿತ್ಸೆಗೆ ಬಗ್ಗುತ್ತಿತ್ತು, ಇದು ಬಗ್ಗಲಿಲ್ಲ.

ವಿಷಯವಿಷ್ಟೇ: ಈ ಯಂತ್ರ ಪ್ರಪಂಚವನ್ನು ನೋಡುವುದು ಒಂದು ಕಿಟಕಿಯಿಂದ, ‘ವಿಂಡೋ’. ನಾವು ಬೇರೆ ಹೇಳದಿದ್ದರೆ ಮೈನಸ್ 10ರಿಂದ 10ರವರೆಗೆ ಮಾತ್ರ ಅದಕ್ಕೆ ಕಾಣುತ್ತದೆ. ನನ್ನ ಗೆರೆ ಎಂಟು ಸಾವಿರ ಡಾಲರಿನ ಎತ್ತರದಲ್ಲಿ ಹಾರಾಡುತ್ತಿತ್ತು. ಕಿಟಕಿಯನ್ನು ಎಲ್ಲಿ ತೆರೆಯಬೇಕೆಂದು ಹೇಳಬೇಕಾದವಳು ನಾನು. ಅಂದರೆ ಉತ್ತರ ಸುಮಾರು ಎಲ್ಲಿದೆ ಎಂದು ಬಲ್ಲವರಿಗೆ ಮಾತ್ರ ಈ ಪುಣ್ಯಾತ್ಮ ಉತ್ತರ ತೋರಿಸುತ್ತಾನೆ! ಇದಕ್ಕೆ ನೂರು ಡಾಲರ್!

ನಾಟಕವನ್ನು ಪಕ್ಕಕ್ಕಿಟ್ಟು ಕನ್ನಡ ಕೂಟದ ಯುಗಾದಿ ಊಟ ಎಂದುಕೊಂಡೆ. ಇಪ್ಪತ್ತು ಡಾಲರಿನಂತೆ ನಾನೂರು ಜನ, ಎಂಟು ಸಾವಿರ. ನಲವತ್ತು ಡಾಲರ್ ಏರಿಸಿದರೆ ಒಂದು ನರಪಿಳ್ಳೆಯೂ ಬರುವುದಿಲ್ಲ. ಹಾಗಾದರೆ ಅಡ್ಡಕ್ಕೆ ಸೊನ್ನೆಯಿಂದ 40, ಎತ್ತರಕ್ಕೆ ಸೊನ್ನೆಯಿಂದ 10,000 ಸಾಕು. ಒತ್ತಿದೆ. ಎಡಗಡೆಯಿಂದ ಒಂದೊಂದೇ ಚುಕ್ಕಿ ಹತ್ತಿ, ಗುಡ್ಡವಾಗಿ, ಬಲಕ್ಕೆ ಇಳಿಯಿತು. ತುದಿ ಎಲ್ಲಿದೆ ಎಂದು ಕೇಳಿದರೆ ಮತ್ತೆ ನನಗೇ ಪ್ರಶ್ನೆ: ಎಡಕ್ಕೆ ಎಲ್ಲಿಂದ, ಬಲಕ್ಕೆ ಎಲ್ಲಿಯವರೆಗೆ, ಕೊನೆಗೆ ‘ಗೆಸ್?’ ಎಂದು ಪರದೆಯ ಮೇಲೆ ಅಚ್ಚಾಯಿತು. ಅಂದಾಜು ಹೇಳಮ್ಮ, ಎನ್ನುತ್ತಿದೆ! ಗುಡ್ಡದ ನೆತ್ತಿಯ ಹತ್ತಿರ ಬೆರಳೂರಿದೆ. ಹತ್ತು ಡಾಲರ್ ಏರಿಸಿ, 30ರ ಟಿಕೆಟ್, 300 ಜನ, 9,000 ಡಾಲರ್. ಹತ್ತು ಎಂದು ನೇರವಾಗಿ ಹೇಳಲು ನಾಚಿಕೊಂಡು 9.99... ಎಂದು ಏನೇನೋ ತೊದಲಿತು, ಇರಲಿ. ಬಂದ ಮುನ್ನೂರು ಜನ ಟಿಕೆಟ್ ಏರಿಸಿದ್ದಕ್ಕೆ ಮುಂದಿನ ಯುಗಾದಿಯವರೆಗೆ ಕಮಿಟಿಯನ್ನು ಬೈಯುತ್ತಾರೆ ಎಂಬುದು ಸಮೀಕರಣದಲ್ಲಿ ಇರಲಿಲ್ಲ.

ಫೈನಲ್ ಪರೀಕ್ಷೆಯ ದಿನ ಮೇಲ್ವಿಚಾರಕರು ಬಂದು, ಕಾಪಿ ಗೀಪಿ ಅಡಗಿಸಿರಬಾರದೆಂದು ಎಲ್ಲರ ಯಂತ್ರದ ನೆನಪನ್ನೂ ಅಳಿಸಿದರು. ‘ರ್‍ಯಾಮ್ ಕ್ಲಿಯರ್ಡ್’ ಎಂಬ ಎರಡು ಪದಗಳಲ್ಲಿ ಆ ಹುಡುಗಿಯ ಆಟಗಳೆಲ್ಲ ಸ್ವರ್ಗಸ್ಥವಾದವು. ನಾನು ಪಾಸಾದೆ. ಅವಳು ಇವತ್ತಿಗೂ ನನ್ನನ್ನು ಕಂಡರೆ ಆಂಟಿ ಎನ್ನುವುದಿಲ್ಲ, ‘ಹಾಯ್’ ಎನ್ನುತ್ತಾಳೆ.

ಈಗ ಕಾಲ ಬದಲಾಗಿದೆ. ಅಮೆರಿಕದಲ್ಲಿ 2024ರಿಂದ ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆ ಕಂಪ್ಯೂಟರಿನ ಮೇಲೆ ನಡೆಯುತ್ತದೆ. ಡೆಸ್ಮೋಸ್ ಎಂಬ ಗ್ರಾಫಿಂಗ್ ಕ್ಯಾಲ್ಕುಲೇಟರ್ ಪರದೆಯಲ್ಲೇ ಸಿಗುತ್ತದೆ. ನಮ್ಮ ಫೋನಿನಲ್ಲೂ ಅದು ಪುಕ್ಕಟೆ. ಚಿತ್ರವನ್ನು ಬೆರಳಿನಿಂದಲೇ ಎಳೆದಾಡಬಹುದು. ಯಾವ ಕಡೆಗೆ ಎಳೆಯಬೇಕೆಂದು ಮಾತ್ರ ಅದಕ್ಕೂ ನಾವೇ ಹೇಳಬೇಕು.

ಆದ್ದರಿಂದ ಗಣಿತಕ್ಕೆ ಅಂಜುವ ಮಕ್ಕಳ ಅಪ್ಪ ಅಮ್ಮಂದಿರಲ್ಲಿ ಒಂದು ವಿನಂತಿ. ಯಂತ್ರ ಕೊಡಿಸಿ, ಬೇಡವೆನ್ನುವುದಿಲ್ಲ. ಗುಂಡಿ ಒತ್ತುವ ಮೊದಲು “ಉತ್ತರ ಸುಮಾರು ಎಷ್ಟಿರಬಹುದು ಹೇಳು ನೋಡೋಣ” ಎಂದು ಕೇಳಿ. ತಪ್ಪು ಹೇಳಿದರೆ ಬೈಯಬೇಡಿ. ಆ ಕೆಲಸಕ್ಕೆ ಯಂತ್ರವಿದೆ. ಪರೀಕ್ಷೆಗೆ ಹೊರಟಾಗ ನಾಲ್ಕು ಹೊಸ ಸೆಲ್ಲುಗಳನ್ನು ಜೇಬಿಗೆ ಹಾಕಿ ಕಳಿಸಿ. ಗಣಿತ ಕೈಕೊಟ್ಟರೆ ನಾವು ಏನೂ ಮಾಡುವ ಹಾಗಿಲ್ಲ, ಸೆಲ್ಲು ಕೈಕೊಟ್ಟರೆ ಬದಲಾಯಿಸಬಹುದು.