ಸಂದಿಗೊಂದಿಯ ಸಮಾಚಾರ

ಟೈಲ್ಸ್ ಅಂಗಡಿಯವರು ಸುಳ್ಳು ಹೇಳುವುದಿಲ್ಲ. "ಇದಕ್ಕೆ ಕಲೆ ಅನ್ನೋದೇ ಹಿಡಿಯಲ್ಲ ಮೇಡಂ" ಎನ್ನುತ್ತಾ ನಮ್ಮೆದುರೇ ತಾವು ಕುಡಿಯುತ್ತಿದ್ದ ಕಾಫಿಯನ್ನು ಟೈಲ್ಸ್ ಮೇಲೆ ಸುರಿದು, ಬಟ್ಟೆಯಲ್ಲಿ ಒರೆಸಿ ತೋರಿಸಿದರು. ನಿಜವೇ. ವಿಟ್ರಿಫೈಡ್ ಟೈಲ್ಸ್ ಅಂದರೆ ಸುಮಾರು 1,200 ಡಿಗ್ರಿ ಸೆಲ್ಸಿಯಸ್ ಉರಿಯಲ್ಲಿ ಬೆಂದು ಬಂದದ್ದು. ತನ್ನ ತೂಕದ ಶೇ. 0.5ರಷ್ಟು ನೀರನ್ನು ಕುಡಿಸುವುದೂ ಕಷ್ಟ, ಇನ್ನು ಕಾಫಿಗೆಲ್ಲಿ ಜಾಗ? ಆದರೆ ಅವರು ಕಾಫಿ ಚೆಲ್ಲಿದ್ದು ಒಂದೇ ಒಂದು ಟೈಲ್ ಮೇಲೆ. ಎರಡು ಟೈಲ್ಸ್ ಪಕ್ಕಪಕ್ಕ ಕೂತರೆ ನಡುವೆ ಏನಿರುತ್ತದೆ ಎಂಬ ಮಾತು ಆ ಅಂಗಡಿಯಲ್ಲಿ ಬರಲೇ ಇಲ್ಲ.

ನಡುವೆ ಇರುವುದು ಎರಡು ಮೂರು ಮಿಲಿಮೀಟರಿನ ಸಂದು. ಅದಕ್ಕೆ ಮೇಸ್ತ್ರಿ ಬಿಳಿ ಸಿಮೆಂಟು ಕಲಸಿ ತುಂಬುತ್ತಾರೆ. ಸಿಮೆಂಟು ಗಟ್ಟಿಯೇನೋ ಹೌದು, ಆದರೆ ಮೈತುಂಬ ಕಣ್ಣಿಗೆ ಕಾಣದ ತೂತು. ಮನೆಯಲ್ಲಿ ಯಾರು ಏನು ಚೆಲ್ಲಿದರೂ ಟೈಲ್ಸ್ ತನಗೆ ಸಂಬಂಧವಿಲ್ಲ ಎಂದು ಪಕ್ಕಕ್ಕೆ ಸರಿಸುತ್ತದೆ. ಸಂದು ಮಾತ್ರ ಕೂಡುಕುಟುಂಬದ ಹಿರಿಸೊಸೆಯ ಹಾಗೆ ಎಲ್ಲರದ್ದನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತದೆ.

ನಮ್ಮ ಮನೆಯ ಸಂದುಗಳಿಗೆ ಮೊದಲ ಕಲೆ ಬಿದ್ದದ್ದು ಗೃಹಪ್ರವೇಶದ ದಿನ, ಅದೂ ಶಾಸ್ತ್ರೋಕ್ತವಾಗಿ. ಬೆಳಗಿನ ಜಾವ ಹಸು ಕರು ಹಾಲ್‌ಗೆ ಬಂದವು. ಹಸು ತನ್ನಿಂದ ಆಗುವ ಮಂಗಳಕಾರ್ಯವನ್ನು ಮುಗಿಸಿ ಹೊರಟಿತು. ಆಮೇಲೆ ಹೋಮದ ತುಪ್ಪ, ಆಮೇಲೆ ಅರಿಶಿನದ ನೀರು, ಆಮೇಲೆ ಹಾಲು ಉಕ್ಕಿಸುವುದು. ಜಗತ್ತಿನ ಎಲ್ಲ ಅಡುಗೆಮನೆಗಳಲ್ಲಿ ಹಾಲು ಉಕ್ಕಿದರೆ ಬೈಗುಳ, ಆವತ್ತು ಮಾತ್ರ ಚಪ್ಪಾಳೆ. ಉಕ್ಕಿದ ಹಾಲು ಕಟ್ಟೆಯಿಂದ ಇಳಿದು ನೆಲದ ಸಂದಿಗೆ ಸೇರಿದಾಗ ಪುರೋಹಿತರು "ಪೂರ್ವಕ್ಕೇ ಹರೀತು, ತುಂಬಾ ಒಳ್ಳೇದು" ಎಂದರು. ಪೂರ್ವಕ್ಕೆ ಹರಿದದ್ದು ನೆಲದ ಇಳಿಜಾರಿನಿಂದ. ಆ ವಿಚಾರ ಮೇಸ್ತ್ರಿಗೂ ಗೊತ್ತಿತ್ತು, ಅವರು ತುಟಿ ಬಿಚ್ಚಲಿಲ್ಲ.

ಅಷ್ಟಾದರೂ ಮನೆಮಂದಿಗೆ ಸಂದುಗಳ ಕಡೆ ಗಮನವಿರಲಿಲ್ಲ. ನಮ್ಮನೆಯವರು ಬ್ಯಾಂಕಿನಿಂದ ನಿವೃತ್ತರಾದರು ನೋಡಿ, ಆಗ ಶುರುವಾಯಿತು. ಜೀವಮಾನವೆಲ್ಲ ಲೆಡ್ಜರಿನ ಗೆರೆ ನೋಡಿದ ಕಣ್ಣಿಗೆ ಗೆರೆಗಳಿಲ್ಲದೆ ಬೇಸರವಾಗಿತ್ತೋ ಏನೋ, ನೆಲದ ಗೆರೆಗಳು ಕಂಡವು. "ಇದು ಬಿಳಿ ಇತ್ತು ಅಲ್ವೇನೆ?" ಎಂದರು. ಪೆನ್ನು ಪೇಪರು ತಂದು ಲೆಕ್ಕ ಹಾಕಿದರು. ಹನ್ನೆರಡು ಅಡಿಗೆ ಹತ್ತು ಅಡಿ ಹಾಲ್, ಎರಡಡಿ ಚೌಕದ ಟೈಲ್ಸ್. ಅಡ್ಡ ಗೆರೆ, ಉದ್ದ ಗೆರೆ ಕೂಡಿದರೆ 98 ಅಡಿ ಸಂದು. "ಹಳೇ ಟೂತ್‌ಬ್ರಷ್ ಎಷ್ಟಿವೆ ಮನೇಲಿ?" ಎಂದು ಕೇಳಿದರು. ಆ ಪ್ರಶ್ನೆಗೆ ನಾನು ಉತ್ತರಿಸುವ ಮೊದಲೇ ನನ್ನ ಹೊಸ ಟೂತ್‌ಬ್ರಷ್ ಹಳೆಯದಾಗಿತ್ತು.

ಮೊದಲ ಯುದ್ಧ ದೇವರಮನೆಯಲ್ಲಿ. ವರಮಹಾಲಕ್ಷ್ಮಿ ಹಬ್ಬದ ಅರಿಶಿನ ಅಲ್ಲಿ ಸಂದಿಗಿಳಿದು ಕೂತಿತ್ತು. ಇವರು ವಾಷಿಂಗ್ ಸೋಡಾ ಕಲಸಿದ ಬಿಸಿನೀರು ಹಾಕಿ ಉಜ್ಜಿದರು. ಹಳದಿ ಹೋಗಲಿಲ್ಲ, ಕೆಂಪಾಯಿತು. ಅರಿಶಿನದ ಗುಣವೇ ಅದು, ಕ್ಷಾರ ತಾಕಿದರೆ ಕೆಂಪಗಾಗುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವವರು ಇದನ್ನು ಯಾವ ಕಾಲೇಜಿನಲ್ಲೂ ಕಲಿಯದೆ ಬಲ್ಲರು. ಬಾಗಿಲಲ್ಲಿ ನಿಂತು ನೋಡಿದ ನಮ್ಮತ್ತೆ, "ಬಿಡೋ, ಅರಿಶಿನ ಕುಂಕುಮ ಎರಡೂ ಆಯ್ತು. ಇನ್ನೊಂದಿಷ್ಟು ಹೂವು ಇಟ್ಬಿಡು" ಎಂದರು.

ಅತ್ತೆಗೆ ಈ ಸಂದಿನ ಸಮಸ್ಯೆ ಅರ್ಥವೇ ಆಗುವುದಿಲ್ಲ. ಅವರು ಹುಟ್ಟಿದ ಮನೆಯದು ಸಗಣಿ ಸಾರಿಸಿದ ನೆಲ. ಅಲ್ಲಿ ಕಲೆಗೆ ಆಯಸ್ಸು ಹೆಚ್ಚೆಂದರೆ ಒಂದು ವಾರ, ಮತ್ತೆ ಸಾರಿಸಿದರೆ ನೆಲವೇ ಹೊಸದು. ಸೇರಿದ ಮನೆಯದು ಕೆಂಪು ರೆಡ್ ಆಕ್ಸೈಡ್ ನೆಲ, ಗೋಡೆಯಿಂದ ಗೋಡೆಗೆ ಒಂದೇ ಹಾಳೆ, ಸಂದಿಲ್ಲ. ಬಿದ್ದ ಎಣ್ಣೆಯನ್ನು ಒರೆಸಿದರೆ ಇನ್ನಷ್ಟು ಹೊಳಪು. ಅಡುಗೆಮನೆಗೆ ಕಪ್ಪು ಕಡಪ ಕಲ್ಲು, ಅದರ ಮೇಲೆ ಏನು ಬಿದ್ದಿದೆ ಎಂದು ಹಗಲಲ್ಲೂ ಕಾಣದು. "ನೀವು ಬಿಳಿ ಹಾಕ್ಸಿ, ಬಿಳಿ ಇಲ್ಲ ಅಂತ ಅಳ್ತೀರಲ್ಲ" ಎಂಬುದು ಅವರ ತೀರ್ಪು. ಈ ತೀರ್ಪಿನ ಮೇಲೆ ಅಪೀಲು ಹೋಗಲು ನನಗಂತೂ ಕಾರಣ ಸಿಕ್ಕಿಲ್ಲ.

ಅಷ್ಟರಲ್ಲಿ ಮಗಳು ಫೋನಿನಲ್ಲಿ ಸಲಹೆ ಕೊಟ್ಟಳು: ಅಡುಗೆ ಸೋಡಾ ಉದುರಿಸಿ ಮೇಲೆ ವಿನೆಗರ್ ಹಾಕಿ. ಹಾಕಿದರು. ಬುಸ್ಸೆಂದು ನೊರೆ ಎದ್ದಿತು, ಮನೆಮಂದಿಯೆಲ್ಲ ಸುತ್ತ ನಿಂತು ನೋಡಿದೆವು. ನೋಡಲು ಚೆಂದ, ಆದರೆ ಒಂದು ಆಮ್ಲ ಒಂದು ಕ್ಷಾರ ಪರಸ್ಪರ ಹೊಡೆದಾಡಿ ಇಬ್ಬರೂ ಸತ್ತ ಮೇಲೆ ಉಳಿಯುವುದು ಒಂದಿಷ್ಟು ಉಪ್ಪುನೀರು. ಕಲೆ ಗ್ಯಾಲರಿಯಲ್ಲಿ ಕೂತು ನೋಡಿದ ಪ್ರೇಕ್ಷಕನಂತೆ ಇದ್ದಲ್ಲೇ ಇತ್ತು. ಸೋಡಾವನ್ನು ಬರೀ ನೀರಿನಲ್ಲಿ ಕಲಸಿ ಉಜ್ಜಿದ್ದರೆ ಅಷ್ಟೋ ಇಷ್ಟೋ ಕೊಳೆ ಬರುತ್ತಿತ್ತು, ಆದರೆ ಅದರಲ್ಲಿ ನೊರೆ ಇಲ್ಲ, ಆದ್ದರಿಂದ ಮನರಂಜನೆಯೂ ಇಲ್ಲ.

ನೊರೆಯ ರುಚಿ ಹತ್ತಿದವರು ಆಸಿಡ್‌ಗೆ ಹೋಗುವುದು ಸಹಜ. ಬೀದಿಯಲ್ಲಿ "ಆಸಿಡ್, ಫಿನಾಯಿಲ್" ಎಂದು ಕೂಗುವ ಕಾಲವಿತ್ತು. 2013ರಲ್ಲಿ ಸುಪ್ರೀಂ ಕೋರ್ಟ್ ಆಸಿಡ್ ಮಾರಾಟಕ್ಕೆ ಕಡಿವಾಣ ಹಾಕಿ, ಕೊಳ್ಳುವವರ ಗುರುತು, ವಿಳಾಸ, ಕಾರಣವನ್ನು ಬರೆದುಕೊಳ್ಳಬೇಕೆಂದಿತು. ಹೆಣ್ಣುಮಕ್ಕಳ ಮುಖ ಸುಟ್ಟ ಆ ಬಾಟಲಿ ಅಷ್ಟು ಸುಲಭಕ್ಕೆ ಸಿಗದಿರುವುದೇ ಸರಿ. ಇವರು ಟಾಯ್ಲೆಟ್ ತೊಳೆಯುವ ದ್ರಾವಣವನ್ನೇ ತಂದರು. ಅದರಲ್ಲಿಯೂ ಇರುವುದು ಹೈಡ್ರೋಕ್ಲೋರಿಕ್ ಆಮ್ಲ, ಸ್ವಲ್ಪ ಮೆತ್ತಗಿನದು. ಬಚ್ಚಲಮನೆಯ ಸಂದಿಗೆ ಹಾಕಿದ ಕೂಡಲೇ ಚುರ್ ಎಂದು ಕುದಿಯಿತು. "ನೋಡು ನೋಡು, ಕೊಳೆ ಹೆಂಗೆ ಏಳ್ತಿದೆ!" ಎಂದು ಸಂಭ್ರಮಪಟ್ಟರು. ಏಳುತ್ತಿದ್ದದ್ದು ಕೊಳೆಯಲ್ಲ, ಸಿಮೆಂಟು. ಆಮ್ಲಕ್ಕೆ ಸಿಮೆಂಟಿನ ಸುಣ್ಣ ಎಂದರೆ ಪಂಚಪ್ರಾಣ. ಮೇಲುಪದರವೇ ಕರಗಿ ಹೋದ ಮೇಲೆ ಒಳಗಿನದು ಬೆಳ್ಳಗೆ ಕಾಣದೆ ಇನ್ನೇನು? ತಿಂಗಳೊಳಗೆ ಆ ಒರಟು ಹಳ್ಳಕ್ಕೆ ಮೊದಲಿಗಿಂತ ಹೆಚ್ಚು ಕೊಳೆ ಬಂದು ಕೂತಿತು. ಅದರ ಹಿಂದೆಯೇ ಇರುವೆಗಳು ಬಂದವು. ಇರುವೆಗಳ ಹಿಂದೆ ಕೆಳಗಿನ ಮನೆಯ ಬಾಡಿಗೆಯವರು ಬಂದು, "ಆಂಟಿ, ನಮ್ಮ ಸೀಲಿಂಗ್ ಒದ್ದೆ ಆಗ್ತಿದೆ" ಎಂದರು.

ಇಷ್ಟಕ್ಕೂ ಬಚ್ಚಲಿನಲ್ಲಿದ್ದದ್ದು ಕರಿ ಬೂಷ್ಟು. ಅದಕ್ಕೆ ಬ್ಲೀಚ್ ಆಗುತ್ತದೆ ಎಂದು ಯಾರೋ ಹೇಳಿದರು. ಇವರ ಬ್ಯಾಂಕಿನ ಬುದ್ಧಿಗೆ ಥಟ್ಟನೆ ಹೊಳೆದದ್ದು ಜಂಟಿ ಖಾತೆ: ಆಸಿಡ್ಡೂ ಒಳ್ಳೆಯದು, ಬ್ಲೀಚೂ ಒಳ್ಳೆಯದು, ಎರಡನ್ನೂ ಸೇರಿಸಿದರೆ? ನಾನು ಮಗ್ಗನ್ನು ಕಿತ್ತುಕೊಂಡೆ. ಎರಡೂ ಸೇರಿದರೆ ಏಳುವುದು ಕ್ಲೋರಿನ್ ಅನಿಲ. 1915ರಲ್ಲಿ ಬೆಲ್ಜಿಯಂನ ಈಪ್ರ್ ಎಂಬಲ್ಲಿ ಜರ್ಮನ್ ಸೈನ್ಯ ಎದುರಾಳಿಗಳ ಮೇಲೆ ಬಿಟ್ಟದ್ದು ಅದನ್ನೇ. ಕಿಟಕಿ ಎಂದರೆ ಒಂದಡಿ ಚೌಕವಿರುವ ನಮ್ಮ ಬಚ್ಚಲಿನಲ್ಲಿ ಮಹಾಯುದ್ಧದ ಮರುಪ್ರದರ್ಶನ ಬೇಡವೆಂದು ಕೈಮುಗಿದೆ. ಇದನ್ನು ತಮಾಷೆಗೆ ಹೇಳುತ್ತಿಲ್ಲ, ದಯವಿಟ್ಟು ನೀವೂ ಸೇರಿಸಬೇಡಿ. ಒಂದು ತೊಳೆದ ಮೇಲೆ ಅದೇ ಜಾಗಕ್ಕೆ ಇನ್ನೊಂದನ್ನು ಹಾಕುವುದೂ ಬೇಡ.

ಅಡುಗೆಮನೆಯಲ್ಲಿ ಇನ್ನೊಂದು ಕಲೆ, ಗ್ಯಾಸ್ ಸಿಲಿಂಡರ್ ಬಿಟ್ಟುಹೋಗುವ ತುಕ್ಕಿನ ಉಂಗುರ. ಇದಕ್ಕೆ ಬ್ಲೀಚ್ ಹಾಕಿದರೆ ತುಕ್ಕು ಇನ್ನೂ ಭದ್ರವಾಗಿ ಕೂರುತ್ತದೆ. ನಿಂಬೆರಸ ಕೆಲಸ ಮಾಡುತ್ತದೆ, ಆದರೆ ಅದೂ ಆಮ್ಲವೇ, ಸ್ವಲ್ಪ ಹೊತ್ತಿಟ್ಟು ತೊಳೆದುಬಿಡಬೇಕು. ಎಣ್ಣೆಗೆ ಪಾತ್ರೆ ತೊಳೆಯುವ ಲಿಕ್ವಿಡ್ಡೂ ಬಿಸಿನೀರೂ ಸಾಕು. ಕಾಫಿ, ಸಾರು, ಅರಿಶಿನಕ್ಕೆ ಬಟ್ಟೆಯ ಕಲೆ ತೆಗೆಯುವ ಆಕ್ಸಿಜನ್ ಬ್ಲೀಚ್ ಪುಡಿಯನ್ನು ಬಿಸಿನೀರಲ್ಲಿ ಕಲಸಿ, ಕಾಲು ಗಂಟೆ ಬಿಟ್ಟು, ನೈಲಾನ್ ಬ್ರಷ್ಷಿನಲ್ಲಿ ಉಜ್ಜಿ. ತಂತಿ ಬ್ರಷ್ ಬೇಡ, ಅದು ಸಂದನ್ನೇ ಕೆರೆದು ತರುತ್ತದೆ. ಹೊಸ್ತಿಲಿನ ಅರಿಶಿನಕ್ಕೆ ಇದೂ ಬೇಡ, ಬಿಸಿಲೇ ಅದರ ಬಣ್ಣ ತೆಗೆಯುತ್ತದೆ. ದೇವರಮನೆಗೆ ಬಿಸಿಲು ಬಾರದಂತೆ ವಾಸ್ತು ನೋಡಿಕೊಂಡಿದೆ.

ಇಷ್ಟೆಲ್ಲ ಸಂಶೋಧನೆ ನಡೆಯುವಾಗ ಬಕೆಟ್ ಹಿಡಿದು ಮೂಲೆಯಲ್ಲಿ ಕಾಯುತ್ತಿದ್ದವರು ನಮ್ಮನೆ ಕೆಲಸಕ್ಕೆ ಬರುವ ಅಕ್ಕ. ಒಂದು ದಿನ ತಡೆಯಲಾರದೆ, "ಅಮ್ಮಾ, ಒಂದೇ ಬಕೆಟ್ ನೀರಲ್ಲಿ ನಾಕು ರೂಮು ಒರ್ಸು ಅಂತೀರಿ. ಆ ಕೊಳೆನೀರು ತಗ್ಗಲ್ಲೇ ತಾನೇ ನಿಲ್ಲೋದು? ಸಾರ್ ಎಷ್ಟು ತಿಕ್ಕುದ್ರೇನು" ಎಂದರು. ಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಸಂದಿನ ಕಪ್ಪಿಗೆ ಮುಕ್ಕಾಲು ಪಾಲು ಕಾರಣ ಇದೇ ಎಂದು ಈಗ ನಾನೂ ನಂಬುತ್ತೇನೆ. ಈಗ ರೂಮಿಗೊಂದು ಬಕೆಟ್ ನೀರು. ಬಕೆಟ್ ತುಂಬಿಸಿ ಕೊಡುವ ಕೆಲಸ ನಿವೃತ್ತರದು.

ಕೊನೆಗೆ ಮೇಸ್ತ್ರಿಯನ್ನೇ ಕರೆಸಿದೆವು. ಅವರು ಉಗುರಿನಿಂದ ಸಂದನ್ನು ಕೆರೆದು, ಉದುರಿದ ಪುಡಿಯನ್ನು ಅಂಗೈಯಲ್ಲಿಟ್ಟುಕೊಂಡು, ತಾವೇ ತುಂಬಿದ್ದನ್ನು ಮರೆತವರಂತೆ, "ಯಾರು ಸಾರ್ ಇದಕ್ಕೆ ಬಿಳಿ ಹಾಕಿದ್ದು?" ಎಂದು ಕೇಳಿದರು. ಹಳೆಯದನ್ನು ಕೆರೆದು ತೆಗೆದು ಎಪಾಕ್ಸಿ ತುಂಬಬೇಕಂತೆ. ಅದು ಸಿಮೆಂಟಲ್ಲ, ರಾಳಕ್ಕೆ ಹಾರ್ಡನರ್ ಬೆರೆಸಿದ್ದು, ಬೇಗ ಗಟ್ಟಿಯಾಗುತ್ತದೆ, ನೀರು ಕುಡಿಯುವುದಿಲ್ಲ. ಟೈಲ್ಸ್ ಮೇಲೆ ಮೆತ್ತಿದ್ದನ್ನು ಆಗಲೇ ಒರೆಸದಿದ್ದರೆ ಮುಂದಿನ ತಲೆಮಾರಿನವರೇ ಒರೆಸಬೇಕು. ರೇಟು ಕೇಳಿದ ಇವರು ಕೂತಿದ್ದ ಕುರ್ಚಿಯಲ್ಲೇ ಇನ್ನಷ್ಟು ಕೂತರು. ಬಚ್ಚಲು, ಅಡುಗೆಮನೆಗೆ ಮಾತ್ರ ಮಾಡಿಸಿದೆವು. ಹಾಲ್‌ನ 98 ಅಡಿ ಹಾಗೇ ಇದೆ, ಅದರ ಮೇಲೆ ಜಮಖಾನ ಹಾಸಿದ್ದೇನೆ.

ಮನೆ ಕಟ್ಟಿಸುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಕೇಳಿ: ನೀರು ಬೀಳುವ ಕಡೆ ಎಪಾಕ್ಸಿಯೇ ಇರಲಿ. ಮಿಕ್ಕ ಕಡೆ ಬೂದು ಬಣ್ಣ ಹಾಕಿಸಿ, ಮೇಸ್ತ್ರಿ ಎಷ್ಟೇ ಹೇಳಿದರೂ ಬಿಳಿ ಒಪ್ಪಬೇಡಿ. ದೇವರಮನೆಗೆ ಮಾತ್ರ ಅರಿಶಿನದ ಬಣ್ಣದ್ದೇ ಸಿಗುತ್ತದೆಯೇ ಎಂದು ಅಂಗಡಿಯಲ್ಲಿ ಒಮ್ಮೆ ವಿಚಾರಿಸಿ.