ಆಯೋಗದ ಸನ್ನಿಧಾನಕ್ಕೆ ರಾಮದುರ್ಗದಿಂದೊಂದು ಕೃತಜ್ಞತಾ ಪತ್ರ

ವಿಶ್ವವಿದ್ಯಾಲಯ ಅನುದಾನ ಆಯೋಗದ ಮಹನೀಯರೇ,

ರಾಮದುರ್ಗದಿಂದ ಸಾಷ್ಟಾಂಗ. ನನ್ನ ವಿಷಯ ಇತಿಹಾಸ, ಹೊಟ್ಟೆಪಾಡು ಅತಿಥಿ ಉಪನ್ಯಾಸಕಿಯದು. ಪಿಎಚ್‌ಡಿಗೆ ಯಾವ ವಿಶ್ವವಿದ್ಯಾಲಯದಲ್ಲಿ ನೋಂದಣಿ ಎಂದು ಮಾತ್ರ ಕೇಳಬೇಡಿ. ಮಾರ್ಗದರ್ಶಕರ ಸಹಿ ಇನ್ನೂ ಬಾಕಿಯಿದೆ.

2021ರ ಜುಲೈ 1ರಿಂದ ವಿಶ್ವವಿದ್ಯಾಲಯದಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಪಿಎಚ್‌ಡಿ ಬೇಕೇ ಬೇಕು ಎಂದು 2018ರಲ್ಲಿ ಅಪ್ಪಣೆ ಕೊಡಿಸಿದಿರಿ. ನಾವು ಸಾಲ ಮಾಡಿ ಶುಲ್ಕ ಕಟ್ಟಿದೆವು. ಆಮೇಲೆ 2023ರ ಜುಲೈ 1ರವರೆಗೆ ತಡೆಯಿರಿ ಎಂದಿರಿ, ತಡೆದೆವು. ಆ ಜುಲೈ 1 ಬಂದಾಗ ನೆಟ್ ಅಥವಾ ಸೆಟ್ ಪರೀಕ್ಷೆ ಪಾಸಾಗಿದ್ದರೆ ಸಾಕು, ಪಿಎಚ್‌ಡಿ ಐಚ್ಛಿಕ ಎಂದಿರಿ. ಮದುವೆಗೆ ಕರೆದು, ಪಂಕ್ತಿಯಲ್ಲಿ ಕೂತ ಮೇಲೆ ಊಟ ನಿಮ್ಮಿಚ್ಛೆ ಎಂದ ಹಾಗಾಯಿತು. ಲೇಖನ ಯಾವ ಪತ್ರಿಕೆಯಲ್ಲಿ ಬಂದರೆ ನಡೆದೀತು ಎಂದು ಹೇಳುತ್ತಿದ್ದ ‘ಕೇರ್’ ಪಟ್ಟಿಯನ್ನೂ 2025ರಲ್ಲಿ ಕೈಬಿಟ್ಟಿರಿ. ಅದರಲ್ಲಿದ್ದ ಪತ್ರಿಕೆಗೆ ದುಡ್ಡು ಕೊಟ್ಟವರ ಶಾಪ ತಮಗೆ ತಟ್ಟದಿರಲಿ.

ನಾನು ಪ್ರಬಂಧ ಬರೆಯಹೊರಟಿದ್ದು 1939ರ ಏಪ್ರಿಲ್ ಬಗ್ಗೆ. ಆಗ ಭಾವೆ ಮನೆತನದ ಸಂಸ್ಥಾನವಾಗಿದ್ದ ನಮ್ಮೂರಿನಲ್ಲಿ ಪ್ರಜಾ ಸಂಘದ ಮುಖಂಡರನ್ನು ಹಿಡಿದು ಹಾಕಿದ್ದಕ್ಕೆ ಜನ ರೊಚ್ಚಿಗೆದ್ದು ಜೈಲಿಗೆ ನುಗ್ಗಿದರು. ಪೊಲೀಸರು ಸತ್ತರು. ಆಮೇಲೆ ನಮ್ಮವರಿಗೆ ಗಲ್ಲಾಯಿತು. ಜನರ ಹಿಂಸೆಯನ್ನು ಗಾಂಧೀಜಿ ಒಪ್ಪಲಿಲ್ಲ. ಹುತಾತ್ಮರೂ ಹೌದು, ಅಹಿಂಸೆಯ ಲೆಕ್ಕಕ್ಕೆ ಸಿಗದವರೂ ಹೌದು: ಊರು ಇವರನ್ನು ಹೇಗೆ ನೆನಪಿಟ್ಟುಕೊಂಡಿತು? ಇಷ್ಟೇ ನನ್ನ ಪ್ರಶ್ನೆ.

ಪ್ರಶ್ನೆ ಎಂದರೆ ಆಗದಂತೆ, ಶೀರ್ಷಿಕೆ ಬೇಕಂತೆ. ‘ರಾಮದುರ್ಗ ಸಂಸ್ಥಾನ: ಒಂದು ಸಾಂಸ್ಕೃತಿಕ ಅಧ್ಯಯನ’ ಎಂದಾಯಿತು. ಮೊದಲ ಅಧ್ಯಾಯ ಭೌಗೋಳಿಕ ಹಿನ್ನೆಲೆ: ಮಲಪ್ರಭೆ, ಮಣ್ಣಿನ ಬಣ್ಣ, ಮಳೆಯ ಪ್ರಮಾಣ, ಜೋಳ. ಎರಡನೆಯದರಲ್ಲಿ ಗೊಡಚಿ ವೀರಭದ್ರನ ಜಾತ್ರೆ, ಶಬರಿಕೊಳ್ಳ, ತೊರಗಲ್ಲಿನ ಭೂತನಾಥ. ಮೂರನೆಯದರಲ್ಲಿ ನೇಕಾರರ ಸೀರೆ. ಜೈಲಿನ ಬಾಗಿಲಿಗೆ ಬರುವಷ್ಟರಲ್ಲಿ ಇನ್ನೂರು ಪುಟ ದಾಟಿತ್ತು. ಮಾರ್ಗದರ್ಶಕರು ಹೇಳಿದರು: “ಇದನ್ನು ಅನುಬಂಧಕ್ಕೆ ಹಾಕಮ್ಮಾ.”

ಆ ಗಲಾಟೆಯ ಕಾಲದಲ್ಲಿ ಚಡ್ಡಿ ಹಾಕುತ್ತಿದ್ದ ಅಜ್ಜ ಒಬ್ಬರು ಸಿಕ್ಕಿದ್ದರು. “ಲಗೂನ ಬರಕೋ ಯವ್ವಾ, ನಂದೂ ಅವಧಿ ಮುಗೀಲಿಕ್ಕೆ ಬಂದೈತಿ” ಅಂದರು. ಕ್ಷೇತ್ರಕಾರ್ಯಕ್ಕೆ ಅನುಮತಿ ಬೇಕಿತ್ತು. ಆರು ತಿಂಗಳಿಗೊಮ್ಮೆ ಸೇರಬೇಕಾದ ಸಲಹಾ ಸಮಿತಿ, ಒಬ್ಬರಿಗೆ ಮೌಲ್ಯಮಾಪನ, ಇನ್ನೊಬ್ಬರಿಗೆ ಮಗಳ ಮದುವೆ ಎಂದು ಮುಂದಕ್ಕೆ ಹೋಯಿತು. ತಮ್ಮ 2022ರ ನಿಯಮದಲ್ಲಿ ನನಗೆ ಆರು ವರ್ಷ, ಮರುನೋಂದಣಿಯಿಂದ ಇನ್ನೆರಡು, ಹೆಣ್ಣೆಂಬ ಕಾರಣಕ್ಕೆ ಮತ್ತೆರಡು ಸಿಗುತ್ತವೆ. ಅಜ್ಜ ವಿಸ್ತರಣೆಗೆ ಅರ್ಜಿ ಹಾಕಲಿಲ್ಲ.

ಕೃತಿಚೌರ್ಯದ ವಿಷಯದಲ್ಲಂತೂ ತಮ್ಮ ಉದಾರತೆ ದೊಡ್ಡದು. ಶೇ 10ರವರೆಗೆ ಹೋಲಿಕೆ ಕಂಡರೆ ದಂಡವಿಲ್ಲ. ಶೇ 60 ಮೀರಿದರೆ ನೋಂದಣಿಯೇ ರದ್ದು. ನಮ್ಮ ಬಜಾರಿನ ಡಿಟಿಪಿ ಅಂಗಡಿಯವನಿಗೆ ಇದರ ಮದ್ದು ಗೊತ್ತಿದೆ. ಹಳೆಯ ‘ನುಡಿ’ ಫಾಂಟಿನಲ್ಲಿ ಹೊಡೆದ ಕನ್ನಡ, ಹೋಲಿಕೆ ಹುಡುಕುವ ಯಂತ್ರದ ಕಣ್ಣಿಗೆ ಬರೀ ಗೀಚು. ಗೀಚು ಯಾರಿಂದ ಕದ್ದದ್ದು ಎಂದು ಅದು ಹೇಗೆ ಹೇಳೀತು? ಇಡೀ ಪುಸ್ತಕ ಭಟ್ಟಿ ಇಳಿಸಿದರೂ ಹೋಲಿಕೆ ಸೊನ್ನೆ. ಸ್ವಂತ ಬರೆದವಳಿಗೂ ಸೊನ್ನೆಯೇ. ಸಾಮಾಜಿಕ ನ್ಯಾಯ ಅಂದರೆ ಇದು.

ಮೌಖಿಕ ಪರೀಕ್ಷೆಯ ದಿನ ಶಾಲು, ಹಾರ, ಹೋಳಿಗೆ ಊಟ ಆಗುತ್ತದೆ. ಮರುದಿನ ಪತ್ರಿಕೆಯಲ್ಲಿ ಅಂಚೆಚೀಟಿಯಷ್ಟು ಫೋಟೊ, ಕೆಳಗೆ ನಾಲ್ಕು ಸಾಲು. ನನ್ನ ಸಂಶೋಧನೆಯಲ್ಲಿ ಊರು ಓದುವುದು ಆ ನಾಲ್ಕು ಸಾಲು ಮಾತ್ರ. ಆದ್ದರಿಂದ ಒಂದು ಬಿನ್ನಹ: ಮುಂದಿನ ತಿದ್ದುಪಡಿಯಲ್ಲಿ, ಪ್ರಬಂಧವನ್ನು ಕನಿಷ್ಠ ಒಬ್ಬರಾದರೂ ಪೂರ್ತಿ ಓದತಕ್ಕದ್ದು ಎಂದು ಸೇರಿಸಿ. ಕಡ್ಡಾಯ ಬೇಡ; ತಮ್ಮ ಕಡ್ಡಾಯದ ಗತಿ ಕಂಡಿದ್ದೇವೆ. ಐಚ್ಛಿಕವೇ ಇರಲಿ.

ಇತಿ,
ಸಂಶೋಧನಾರ್ಥಿನಿ, ರಾಮದುರ್ಗ

ಲಗತ್ತು: ಹೋಲಿಕೆ ಪ್ರಮಾಣಪತ್ರ. ಈ ಪತ್ರವನ್ನು ‘ನುಡಿ’ಯಲ್ಲೇ ಹೊಡೆಸಿದ್ದೇನೆ.